ಕಾಗಿಣಾ ಸೀಮೆಯ ದನಕರು ಮತ್ತು ಗಾಯರಾಣ: ‘ಪಾಲು’ ಪರಿಕಲ್ಪನೆಯ ಜಾನಪದೀಯ ವಿವೇಚನೆ

ಪೀಠಿಕೆ

ಕಲಬುರಗಿ ಜಿಲ್ಲೆಯ ಮಳಖೇಡವು ಕನ್ನಡ ನಾಡಿನ ಚರಿತ್ರೆಯಲ್ಲಿ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಾಗಿ, ಅಮೋಘವರ್ಷ ನೃಪತುಂಗನ ಆಸ್ಥಾನವಾಗಿ, ‘ಕವಿರಾಜಮಾರ್ಗ’ದ ನೆಲೆಯಾಗಿ ಪರಿಚಿತವಾಗಿದೆ. ಆದರೆ ಅರಮನೆ ಮತ್ತು ಕಾವ್ಯದ ಈ ಚರಿತ್ರೆಯ ಜೊತೆಜೊತೆಗೇ ಸಾಗಿಬಂದ ಇನ್ನೊಂದು ಚರಿತ್ರೆಯಿದೆ. ಅದು ದನಕರುಗಳ ಮತ್ತು ಅವು ಮೇಯ್ದ ನೆಲದ ಚರಿತ್ರೆ. ರಾಷ್ಟ್ರಕೂಟರ ಕಾಲದ ವೀರಗಲ್ಲುಗಳಲ್ಲಿ ತುರುಗೋಳಿನಲ್ಲಿ ಮಡಿದ, ಅಂದರೆ ಸೆರೆಹೋದ ದನಗಳನ್ನು ಮರಳಿ ತರುವಾಗ ಪ್ರಾಣ ಕೊಟ್ಟ ವೀರರ ಸ್ಮಾರಕಗಳು ಗಣನೀಯವಾಗಿವೆ. ನೆಲ ಹೇರಳವಾಗಿದ್ದ ಆ ಕಾಲದಲ್ಲಿ ದನವೇ ಸಂಪತ್ತಾಗಿತ್ತೆಂಬುದಕ್ಕೆ ಈ ಕಲ್ಲುಗಳು ಸಾಕ್ಷಿ. ಹನ್ನೆರಡನೆಯ ಶತಮಾನದ ಶರಣರಲ್ಲಿ ದನ ಕಾಯುವ ಕಾಯಕದ ತುರುಗಾಹಿ ರಾಮಣ್ಣ, ಕುರಿ ಕಾಯುವ ವೀರ ಗೊಲ್ಲಾಳರಂಥವರು ಇದ್ದುದೂ ಇದೇ ಬದುಕಿನ ಮುಂದುವರಿಕೆಯಾಗಿದೆ.

ಇಂದು ಪರಿಸ್ಥಿತಿ ತಲೆಕೆಳಗಾಗಿದೆ. ನೆಲವು ಸಂಪತ್ತಾಗಿದೆ, ದನವು ಹೊರೆಯಾಗಿ ಕಾಣತೊಡಗಿದೆ. ಪಶುಪಾಲನೆಯನ್ನು ಉಳಿಸುವ ಬಗ್ಗೆ ನಡೆಯುವ ಚರ್ಚೆಗಳಲ್ಲಿ ತಳಿ, ಸಾಲ, ಸಹಾಯಧನ, ಹಾಲಿನ ದರ ಮುಂತಾದ ವಿಷಯಗಳು ಮುನ್ನೆಲೆಗೆ ಬರುತ್ತವೆ. ಅವೆಲ್ಲವೂ ಅಗತ್ಯವಾದವೇ. ಆದರೆ ದನ ಎಲ್ಲಿ ಮೇಯಬೇಕು, ಯಾರ ನೆಲದಲ್ಲಿ ಯಾವಾಗ ಮೇಯಬಹುದು, ಅದಕ್ಕೆ ಪ್ರತಿಯಾಗಿ ಯಾರಿಗೆ ಏನು ಸಲ್ಲಬೇಕು ಎಂಬ ಪ್ರಶ್ನೆಗಳು ಹಿಂದೆ ಸರಿಯುತ್ತವೆ. ಗ್ರಾಮಸಮಾಜವು ಈ ಪ್ರಶ್ನೆಗಳಿಗೆ ತನ್ನದೇ ಉತ್ತರಗಳನ್ನು ಕಂಡುಕೊಂಡಿತ್ತು. ಅವು ಬರವಣಿಗೆಯಲ್ಲಿ ಇರಲಿಲ್ಲ. ರೂಢಿಯಲ್ಲಿ, ಹಬ್ಬದಲ್ಲಿ, ಆಯದಲ್ಲಿ, ಮುಯ್ಯಿಯಲ್ಲಿ ಇದ್ದವು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿ ಭಾಗಗಳನ್ನೊಳಗೊಂಡ ಕಾಗಿಣಾ ಸೀಮೆಯಲ್ಲಿ ಈ ರೂಢಿಗಳ ತಿರುಳಾಗಿದ್ದ ‘ಪಾಲು’ ಎಂಬ ಪರಿಕಲ್ಪನೆಯನ್ನು ಗುರುತಿಸುವುದು, ಅದು ಸಡಿಲಗೊಂಡುದರಿಂದ ವಿವಿಧ ಪಾಲುದಾರರ ನಿಲುವುಗಳು ಹೇಗೆ ಪರಸ್ಪರ ವಿರುದ್ಧವಾಗಿ ನಿಂತಿವೆ ಎಂಬುದನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಸೀಮೆಯ ಸ್ವರೂಪ

ಕಾಗಿಣಾ ನದಿಯು ತೆಲಂಗಾಣದ ಭಾಗದಿಂದ ಹರಿದುಬಂದು, ಮುಲ್ಲಾಮಾರಿ ಮತ್ತು ಬೆಣ್ಣೆತೊರೆಯಂಥ ಉಪನದಿಗಳನ್ನು ಕೂಡಿಸಿಕೊಂಡು, ಮಳಖೇಡದ ಕೋಟೆಯನ್ನು ಬಳಸಿ ಮುಂದೆ ಭೀಮೆಯನ್ನು ಸೇರುತ್ತದೆ. ಸೇಡಂ ಮತ್ತು ಚಿತ್ತಾಪುರದ ಬಹುಭಾಗ ಎರೆಭೂಮಿ. ಅದರ ಅಡಿಯಲ್ಲಿ ಸುಣ್ಣಕಲ್ಲಿನ ಪದರಗಳಿವೆ. ಶಹಾಬಾದ್ ಕಲ್ಲು ಎಂದು ನಾಡಿಗೆಲ್ಲ ಪರಿಚಿತವಾದ ಫರಸಿ ಈ ಪದರಗಳಿಂದಲೇ ಬಂದದ್ದು. ಉತ್ತರದ ಚಿಂಚೋಳಿಯಲ್ಲಿ ನೆಲ ಏರುತ್ತದೆ, ಜಂಬಿಟ್ಟಿಗೆಯ ಕೆಂಪು ಮಣ್ಣು ಮತ್ತು ಕುರುಚಲು ಕಾಡು ಕಾಣಿಸಿಕೊಳ್ಳುತ್ತವೆ. ಹೀಗೆ ಒಂದೇ ಸೀಮೆಯೊಳಗೆ ಎರೆಹೊಲ, ಕಲ್ಲುಗಣಿ, ಕಾಡು ಎಂಬ ಮೂರು ಬಗೆಯ ನೆಲಗಳಿವೆ. ಮೂರಕ್ಕೂ ದನಕರುಗಳೊಂದಿಗೆ ಬೇರೆ ಬೇರೆ ಬಗೆಯ ಸಂಬಂಧವಿದೆ.

ಈ ಭಾಗದ ಪಶುಸಂಪತ್ತಿನಲ್ಲಿ ಜವಾರಿ ದನಗಳ ಜೊತೆಗೆ ದೇವಣಿ ತಳಿಗೆ ವಿಶೇಷ ಸ್ಥಾನವಿದೆ. ಮರಾಠವಾಡದ ಲಾತೂರು ಪ್ರದೇಶ ಮತ್ತು ಬೀದರ್, ಕಲಬುರಗಿ ಭಾಗಗಳ ಈ ತಳಿ ಗೇಯ್ಮೆಗೂ ಹಾಲಿಗೂ ಒದಗುವಂಥದು. ಎಮ್ಮೆ ಹೈನಿನ ಆಧಾರ. ದಖನಿ ಕುರಿ ಉಣ್ಣೆ, ಮಾಂಸ ಮತ್ತು ಗೊಬ್ಬರಗಳಿಗೆ ಒದಗುತ್ತದೆ. ಆಡು ಬಡವರ ಮನೆಯ ನಡೆದಾಡುವ ಹಣವಾಗಿದೆ. ಇವುಗಳಲ್ಲಿ ಪ್ರತಿಯೊಂದೂ ಬೇರೆ ಸಮುದಾಯದ, ಬೇರೆ ವರ್ಗದ ಕೈಯಲ್ಲಿದೆ ಎಂಬುದು ಮುಂದಿನ ಚರ್ಚೆಗೆ ಮುಖ್ಯವಾಗುತ್ತದೆ.

1948ರ ಸೆಪ್ಟೆಂಬರಿನವರೆಗೆ ಈ ಪ್ರದೇಶ ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿತ್ತು. 1949ರಲ್ಲಿ ಜಾಗೀರುಗಳು ರದ್ದಾದವು. 1956ರ ನವೆಂಬರ್ 1ರಂದು ಇದು ಮೈಸೂರು ರಾಜ್ಯಕ್ಕೆ ಸೇರಿತು. ಆ ಆಡಳಿತದ ಗುರುತುಗಳು ಜನರ ಬಾಯಲ್ಲಿ ಇಂದಿಗೂ ಉಳಿದಿವೆ. ಪಟ್ಟಾ, ಪಹಣಿ, ಖಾರೀಜ್ ಖಾತಾ, ಪರಂಪೋಕ ಎಂಬ ಪದಗಳು ಅಲ್ಲಿನವು. ಹಳೆಯ ಮೈಸೂರು ಭಾಗದಲ್ಲಿ ಗೋಮಾಳವೆಂದು ಕರೆಯುವ ನೆಲಕ್ಕೆ ಇಲ್ಲಿ ಗಾಯರಾಣ ಅಥವಾ ಗೈರಾಣ ಎನ್ನುತ್ತಾರೆ. ಗಾಯಿ ಎಂದರೆ ಹಸು, ರಾಣ ಎಂದರೆ ಅಡವಿ ಅಥವಾ ಬಯಲು. ಮರಾಠಿಯೊಂದಿಗೆ ಹಂಚಿಕೊಂಡ ಈ ಪದದಲ್ಲೇ ನೆಲದ ಉದ್ದೇಶ ಅಡಗಿದೆ.

‘ಪಾಲು’: ಒಡೆತನಕ್ಕಿಂತ ಭಿನ್ನವಾದ ಪರಿಕಲ್ಪನೆ

ಪಾಲು ಎಂಬ ಪದವನ್ನು ಸಾಮಾನ್ಯವಾಗಿ ಆಸ್ತಿಯ ಹಂಚಿಕೆಯ ಅರ್ಥದಲ್ಲಿ ಬಳಸಲಾಗುತ್ತದೆ. ಗ್ರಾಮೀಣ ಪಶುಪಾಲನೆಯಲ್ಲಿ ಅದರ ಅರ್ಥವ್ಯಾಪ್ತಿ ಇನ್ನೂ ದೊಡ್ಡದು. ವಸ್ತುವನ್ನು ತುಂಡು ಮಾಡದೆ, ಅದರ ಉಪಯೋಗವನ್ನು ಕಾಲಕ್ಕೆ ತಕ್ಕಂತೆ ಹಂಚಿಕೊಳ್ಳುವುದು ಇಲ್ಲಿಯ ಪಾಲು. ಇದನ್ನು ಕೆಲವು ನಿದರ್ಶನಗಳಿಂದ ಸ್ಪಷ್ಟಪಡಿಸಬಹುದು.

ಮೊದಲನೆಯದು, ದನವನ್ನು ಪಾಲಿಗೆ ಕೊಡುವ ರೂಢಿ. ಉಳ್ಳವರು ಒಂದು ಹೆಣ್ಣುಗರುವನ್ನೋ ಆಡನ್ನೋ ಇಲ್ಲದವರ ಮನೆಗೆ ಸಾಕಲು ಕೊಡುತ್ತಾರೆ. ಅದು ಈದ ಮೇಲೆ ಮರಿಗಳನ್ನು ಅಥವಾ ಅವುಗಳ ಬೆಲೆಯನ್ನು ಇಬ್ಬರೂ ಹಂಚಿಕೊಳ್ಳುತ್ತಾರೆ. ಬಂಡವಾಳ ಒಬ್ಬರದು, ದುಡಿಮೆ ಇನ್ನೊಬ್ಬರದು, ಮೇವು ಮಾತ್ರ ಊರಿನದು. ಭೂಮಿಯಿಲ್ಲದ ಹೆಣ್ಣುಮಗಳೊಬ್ಬಳು ಆಡು ಸಾಕಿ ನಾಲ್ಕಾರು ವರ್ಷಗಳಲ್ಲಿ ಸ್ವಂತ ಮಂದೆ ಮಾಡಿಕೊಳ್ಳಲು ಈ ರೂಢಿ ದಾರಿಮಾಡಿಕೊಟ್ಟಿತ್ತು. ಗಾಯರಾಣ ಇಲ್ಲದಿದ್ದರೆ ಈ ಒಪ್ಪಂದವೇ ನಡೆಯುವುದಿಲ್ಲ ಎಂಬ ಅಂಶ ಇಲ್ಲಿ ಗಮನಾರ್ಹ. ಏಕೆಂದರೆ ಸಾಕುವವಳು ಮೇವನ್ನು ಕೊಂಡು ತರುವವಳಲ್ಲ.

ಎರಡನೆಯದು, ಎತ್ತಿನ ಮುಯ್ಯಿ. ಒಂದೇ ಎತ್ತುಳ್ಳ ಇಬ್ಬರು ರೈತರು ತಮ್ಮ ಎತ್ತುಗಳನ್ನು ಜೋಡಿ ಮಾಡಿ ಸರದಿಯಂತೆ ಇಬ್ಬರ ಹೊಲಗಳನ್ನೂ ಹರಗುತ್ತಾರೆ, ಬಿತ್ತುತ್ತಾರೆ. ಬಿತ್ತನೆಯ ಹದ ಕೆಲವೇ ದಿನ ಇರುವ ಎರೆನೆಲದಲ್ಲಿ ಯಾರ ಹೊಲ ಮೊದಲು ಎಂಬುದು ಸೂಕ್ಷ್ಮವಾದ ಪ್ರಶ್ನೆ. ಅದನ್ನು ನಂಬಿಕೆ ಮತ್ತು ಹಿರಿಯರ ಮಾತು ಬಗೆಹರಿಸುತ್ತಿದ್ದವು.

ಮೂರನೆಯದು, ಹೊಲದಲ್ಲಿ ಕುರಿ ತರುಬುವ ರೂಢಿ. ಸುಗ್ಗಿ ಮುಗಿದ ಮೇಲೆ ಕುರಿಗಾರರು ತಮ್ಮ ಹಿಂಡನ್ನು ರೈತನ ಹೊಲದಲ್ಲಿ ರಾತ್ರಿ ನಿಲ್ಲಿಸುತ್ತಾರೆ. ಹಿಕ್ಕೆ ಮತ್ತು ಮೂತ್ರ ನೇರವಾಗಿ ನೆಲಕ್ಕೆ ಸೇರುತ್ತವೆ. ಗಾಡಿ ಕಟ್ಟಿ ಗೊಬ್ಬರ ಹೇರುವ ಶ್ರಮವಿಲ್ಲ. ರೈತನು ಪ್ರತಿಯಾಗಿ ಕಾಳು ಅಥವಾ ಹಣ ಕೊಡುತ್ತಾನೆ, ಹಗಲಿನಲ್ಲಿ ಹಿಂಡು ಕೂಳೆ ಮತ್ತು ಉದುರಿದ ಎಲೆಗಳನ್ನು ಮೇಯುತ್ತದೆ. ಇಲ್ಲಿ ಹೊಲ ರೈತನದೇ, ಆದರೆ ಸುಗ್ಗಿಯಿಂದ ಮುಂಗಾರಿನವರೆಗಿನ ಹೊಲ ಒಂದು ಅರ್ಥದಲ್ಲಿ ಕುರಿಗಾರನದೂ ಹೌದು.

ನಾಲ್ಕನೆಯದು, ಊರ ದನಗಳನ್ನು ಒಟ್ಟಿಗೆ ಮೇಯಿಸುವ ವ್ಯವಸ್ಥೆ. ಬೆಳಗ್ಗೆ ಊರ ಮುಂದಿನ ಬಯಲಿನಲ್ಲಿ ಕೂಡಿದ ದನಗಳನ್ನು ದನಗಾಹಿ ಗಾಯರಾಣಕ್ಕೆ ಹೊಡೆದುಕೊಂಡು ಹೋಗಿ ಸಂಜೆ ತರುತ್ತಿದ್ದನು. ಅವನಿಗೆ ದನಕ್ಕಿಷ್ಟೆಂದು ಕಾಳು ಸಲ್ಲುತ್ತಿತ್ತು. ಬೆಳೆಗೆ ನುಗ್ಗಿದ ದನಕ್ಕೆ ಕೊಂಡವಾಡೆಯ ಶಿಕ್ಷೆಯಿತ್ತು. ದನಗಾಹಿಗೆ ನೆಲದ ಒಡೆತನವಿರಲಿಲ್ಲ, ದನದ ಒಡೆತನವೂ ಇರಲಿಲ್ಲ. ಆದರೆ ಯಾವ ಹುಲ್ಲು ಯಾವ ತಿಂಗಳಿನಲ್ಲಿ ಹದಕ್ಕೆ ಬರುತ್ತದೆ, ಯಾವ ಹಳ್ಳದ ನೀರು ಬೇಸಿಗೆಯವರೆಗೆ ಉಳಿಯುತ್ತದೆ, ಯಾವ ಎಳೆಯ ಜೋಳದ ಕುಡಿ ದನಕ್ಕೆ ವಿಷವಾಗುತ್ತದೆ ಎಂಬ ಅರಿವು ಅವನಲ್ಲಿತ್ತು. ಗಾಯರಾಣದ ನಿರ್ವಹಣೆಯೆಂದರೆ ಬಹುಮಟ್ಟಿಗೆ ಈ ಅರಿವೇ ಆಗಿತ್ತು.

ಈ ನಾಲ್ಕೂ ನಿದರ್ಶನಗಳಲ್ಲಿ ಸಮಾನವಾದ ಒಂದು ತತ್ತ್ವವಿದೆ. ಒಂದೇ ನೆಲದ ಮೇಲೆ, ಒಂದೇ ಪ್ರಾಣಿಯ ಮೇಲೆ ಹಲವರಿಗೆ ಹಕ್ಕುಂಟು. ಆದರೆ ಒಂದೇ ಕಾಲದಲ್ಲಲ್ಲ, ಒಂದೇ ಬಗೆಯಲ್ಲಲ್ಲ. ಬೆಳೆ ನಿಂತಿರುವಾಗ ಹೊಲ ಒಡೆಯನದು, ಕಾಳು ಮನೆಗೆ ಬಂದ ಮೇಲೆ ಹಕ್ಕಲು ಆಯುವವರದು, ಆಮೇಲೆ ದನದ್ದು, ಕಡೆಗೆ ಕುರಿಯದು. ಈ ಸರದಿಯೇ ಗ್ರಾಮದ ಭೂನಿರ್ವಹಣೆಯಾಗಿತ್ತು.

ಇದನ್ನು ಆದರ್ಶೀಕರಿಸಬೇಕಾಗಿಲ್ಲ. ದನ ಕಾಯುವ ಕೆಲಸ ಅನೇಕ ಸಂದರ್ಭಗಳಲ್ಲಿ ಜೀತದ ಹುಡುಗರ ಹೆಗಲ ಮೇಲಿತ್ತು. ಸತ್ತ ದನವನ್ನು ಸಾಗಿಸುವ ಹೊಣೆಯನ್ನು ದಲಿತ ಸಮುದಾಯಗಳ ಮೇಲೆ ಹೊರಿಸಿ, ಅದೇ ಕಾರಣಕ್ಕೆ ಅವರನ್ನು ಊರ ಹೊರಗಿಡಲಾಗಿತ್ತು. 1976ರ ಜೀತಪದ್ಧತಿ ರದ್ದತಿ ಕಾಯಿದೆ ಮತ್ತು ದಲಿತ ಚಳವಳಿಗಳು ಈ ವ್ಯವಸ್ಥೆಯ ಅನ್ಯಾಯದ ಭಾಗವನ್ನು ಪ್ರಶ್ನಿಸಿದ್ದು ಸರಿಯಾದುದೇ ಆಗಿದೆ. ಪಾಲಿನ ತತ್ತ್ವವನ್ನು ಉಳಿಸಿಕೊಳ್ಳುವುದೆಂದರೆ ಅದಕ್ಕೆ ಅಂಟಿಕೊಂಡಿದ್ದ ಶ್ರೇಣೀಕರಣವನ್ನು ಉಳಿಸಿಕೊಳ್ಳುವುದಲ್ಲ.

ಆಚರಣೆಗಳಲ್ಲಿ ಪಾಲಿನ ಅಭಿವ್ಯಕ್ತಿ

ಈ ಸೀಮೆಯ ವಾರ್ಷಿಕ ಆಚರಣೆಗಳ ಸಾಲಿನಲ್ಲಿ ಪಾಲಿನ ತತ್ತ್ವವು ಪದೇ ಪದೇ ಕಾಣಿಸಿಕೊಳ್ಳುತ್ತದೆ. ಜ್ಯೇಷ್ಠ ಮಾಸದ ಕಾರಹುಣ್ಣಿಮೆಯಂದು ಎತ್ತುಗಳ ಮೈತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಸಂಜೆ ಊರ ಅಗಸಿಯ ಮುಂದೆ ಕರಿ ಹರಿಯಲಾಗುತ್ತದೆ. ಮುಂದೆ ಬಂದ ಎತ್ತಿನ ಬಣ್ಣವನ್ನು ನೋಡಿ ಮುಂಗಾರಿ ಬೆಳೆ ಹುಲುಸಾದೀತೋ ಹಿಂಗಾರಿ ಹುಲುಸಾದೀತೋ ಎಂದು ಊಹಿಸುವುದು ವಾಡಿಕೆ. ಎತ್ತು ಇಲ್ಲಿ ಒಬ್ಬನ ಆಸ್ತಿಯಾಗಿ ಓಡುವುದಿಲ್ಲ, ಇಡೀ ಊರಿನ ಬೆಳೆಯ ಮುನ್ಸೂಚನೆಯಾಗಿ ಓಡುತ್ತದೆ. ಅನಂತರದ ಮಣ್ಣೆತ್ತಿನ ಅಮಾವಾಸ್ಯೆಯಲ್ಲಿ ಎರೆಮಣ್ಣಿನ ಎತ್ತುಗಳಿಗೆ ಪೂಜೆ ಸಲ್ಲುತ್ತದೆ. ಎತ್ತು ಉಳ್ಳವರು, ಇಲ್ಲದವರು ಎಂಬ ಭೇದವಿಲ್ಲದೆ ಎಲ್ಲ ಮನೆಗಳಿಗೂ ಮಣ್ಣೆತ್ತು ಬರುತ್ತದೆ. ಹೊಲವನ್ನು ಟ್ರ್ಯಾಕ್ಟರಿನಿಂದ ಉಳುವ ಮನೆಗಳಲ್ಲಿಯೂ ಈ ಪೂಜೆ ಇಂದಿಗೂ ನಿಂತಿಲ್ಲ. ಆಚರಣೆಯು ತನ್ನ ಆಧಾರವನ್ನು ಕಳೆದುಕೊಂಡ ಮೇಲೂ ಉಳಿಯುವುದಕ್ಕೆ ಇದೊಂದು ನಿದರ್ಶನ.

ಎಳ್ಳಮಾವಾಸ್ಯೆ ಈ ಸೀಮೆಯ ದೊಡ್ಡ ಹಬ್ಬ. ಹಿಂಗಾರಿ ಜೋಳ, ಕಡಲೆಗಳು ಹೊಲದಲ್ಲಿ ನಿಂತಿರುವಾಗ ಕುಟುಂಬವು ಸಜ್ಜೆ ರೊಟ್ಟಿ, ಕಡುಬು, ಭಜ್ಜಿಗಳ ಬುತ್ತಿಯೊಂದಿಗೆ ಗಾಡಿ ಹೂಡಿ ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತದೆ. ಭೂಮಿತಾಯಿಗೆ, ಹಕ್ಕಿಪಕ್ಷಿಗೆ ಮೊದಲ ಪಾಲು. ಹೊಲವಿಲ್ಲದ ನೆರೆಹೊರೆಯವರನ್ನು ಕರೆದೊಯ್ದು ಉಣ್ಣಿಸುವುದು ಹಬ್ಬದ ಕಡ್ಡಾಯ ಭಾಗ. ಒಡೆಯನ ಬೆಳೆಯಲ್ಲಿ ಒಡೆಯನಲ್ಲದವರಿಗೂ ಪಾಲುಂಟು ಎಂಬುದನ್ನು ಬೆಳೆ ಮನೆಗೆ ಬರುವ ಮೊದಲೇ ಸಾರುವ ಆಚರಣೆಯಿದು. ಸೋಮವಾರ ಎತ್ತಿನ ಹೆಗಲಿಗೆ ನೊಗವಿಡದ ನಿಯಮವು ಪ್ರಾಣಿಗೂ ದುಡಿಮೆಯಲ್ಲಿ ಬಿಡುವಿನ ಪಾಲನ್ನು ಕೊಟ್ಟಿದೆ.

ಹಾಲುಮತ ಪರಂಪರೆಯಲ್ಲಿ ಬೀರಲಿಂಗ, ಮಾಳಿಂಗರಾಯರ ಕಥನಗಳು ಕುರಿ ಮತ್ತು ಕುರಿಗಾರನನ್ನು ಕೇಂದ್ರದಲ್ಲಿ ನಿಲ್ಲಿಸುತ್ತವೆ. ಡೊಳ್ಳಿನ ಹಾಡುಗಳಲ್ಲಿ ಕುರಿ ಹಿಂಡು ದಾಟಿದ ಹಳ್ಳ, ತಂಗಿದ ಹಟ್ಟಿ, ಮೇಯ್ದ ಮರಡಿಗಳ ಹೆಸರುಗಳು ಬರುತ್ತವೆ. ಇವುಗಳನ್ನು ಪುರಾಣವೆಂದು ಮಾತ್ರ ಓದದೆ, ಸಂಚಾರದ ದಾರಿಗಳ ಮೌಖಿಕ ದಾಖಲೆಯಾಗಿಯೂ ಓದಲು ಅವಕಾಶವಿದೆ. ಬಂಜಾರರಲ್ಲಿ ಸಂತ ಸೇವಾಲಾಲರನ್ನು ಗೋಪಾಲಕರೆಂದು ಸ್ಮರಿಸುವ ಪರಂಪರೆಯೂ ಇದೇ ಬಗೆಯದು. ಲದಣಿ ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿ ದಖನಿನ ಉದ್ದಗಲಕ್ಕೆ ಸಾಗಿದ ಸಮುದಾಯವದು. 1874ರಲ್ಲಿ ವಾಡಿ ಮತ್ತು ಸಿಕಂದರಾಬಾದಿನ ನಡುವೆ ರೈಲುಮಾರ್ಗ ಬಂದದ್ದು ಇಂಥ ಸಾಗಾಟದ ಕೊನೆಯನ್ನು ಈ ಸೀಮೆಯಲ್ಲಿ ಹತ್ತಿರ ಮಾಡಿತು. ಎತ್ತಿನ ಮೇಲೆ ಬದುಕಿದವರು ಚಿಂಚೋಳಿಯ ಗುಡ್ಡಗಳ ತಾಂಡಾಗಳಲ್ಲಿ ದನ ಸಾಕಿ, ಒಣಬೇಸಾಯ ಮಾಡಿ, ಕೂಲಿಗಾಗಿ ವಲಸೆ ಹೋಗಿ ಬದುಕುವಂತಾಯಿತು.

ಪಾಲುದಾರರ ನಿಲುವುಗಳು

ಇಂದು ಕಾಗಿಣಾ ಸೀಮೆಯಲ್ಲಿ ಪಶುಪಾಲನೆ ಮತ್ತು ನೆಲದ ಬಳಕೆಯ ಕುರಿತು ಕನಿಷ್ಠ ಐದು ಬಗೆಯ ನಿಲುವುಗಳನ್ನು ಗುರುತಿಸಬಹುದು.

1. ಒಕ್ಕಲುತನದವರು: ಎತ್ತು ಸಾಕುವುದು ಕೈಗೆಟುಕದ ಮಾತಾಗಿದೆ ಎಂಬುದು ರೈತರ ಮುಖ್ಯ ಅಭಿಪ್ರಾಯ. ಇದಕ್ಕೆ ಬೆಳೆಯ ಬದಲಾವಣೆಯೊಂದಿಗೆ ನೇರ ಸಂಬಂಧವಿದೆ. ಜೋಳವು ಮನುಷ್ಯನಿಗೆ ಕಾಳನ್ನೂ ದನಕ್ಕೆ ಕಣಿಕೆಯನ್ನೂ ಕೊಡುವ ಬೆಳೆ. ಮನೆಯ ಹಿಂದಿನ ಕಣಿಕೆಯ ಬಣವೆಯ ಎತ್ತರವೇ ಒಕ್ಕಲುತನದ ಘನತೆಯನ್ನು ಹೇಳುತ್ತಿತ್ತು. ತೊಗರಿಯು ಮಾರುಕಟ್ಟೆಯ ಬೆಳೆಯಾಗಿ ವಿಸ್ತರಿಸಿದಂತೆ ಜೋಳದ ನೆಲ ಕಡಿಮೆಯಾಯಿತು. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತದ್ದು ಈ ಬೆಳೆಯ ಮಹತ್ವವನ್ನು ತೋರಿಸುತ್ತದೆ. ತೊಗರಿಯ ಹೊಟ್ಟು ಮೇವಾದೀತು, ಆದರೆ ಕಟ್ಟಿಗೆ ಒಲೆಗೆ ಮಾತ್ರ. ಮೇಲಾಗಿ ಅದು ಮುಂಗಾರಿನಲ್ಲಿ ಬಿತ್ತಿದರೆ ಡಿಸೆಂಬರ್, ಜನವರಿಯವರೆಗೆ ಹೊಲದಲ್ಲಿಯೇ ನಿಲ್ಲುವುದರಿಂದ ದನ ಬಿಡುವ ಕಾಲವೂ ಕಿರಿದಾಗುತ್ತದೆ. ಬದುವಿನ ಹುಲ್ಲು ಕಳೆನಾಶಕಕ್ಕೆ ಬಲಿಯಾಗುತ್ತಿದೆ. ಹೀಗಾಗಿ ಬಾಡಿಗೆ ಟ್ರ್ಯಾಕ್ಟರ್ ರೈತನಿಗೆ ಅಗ್ಗವಾಗಿ ಕಾಣುತ್ತದೆ. ದೇಶದ ಮಟ್ಟದಲ್ಲಿಯೂ 2019ರ 20ನೆಯ ಜಾನುವಾರು ಗಣತಿಯ ಪ್ರಕಾರ ಒಟ್ಟು 19.25 ಕೋಟಿ ದನಗಳಲ್ಲಿ ಗಂಡುದನಗಳು ಸುಮಾರು 4.74 ಕೋಟಿ ಮಾತ್ರ. 2012ಕ್ಕೆ ಹೋಲಿಸಿದರೆ ಗಂಡುದನಗಳ ಸಂಖ್ಯೆ ಶೇಕಡಾ 30ರಷ್ಟು ಕುಸಿದಿದೆ.

ಮುದಿ ಎತ್ತಿನ ಪ್ರಶ್ನೆಯೂ ಇಲ್ಲಿಯೇ ಬರುತ್ತದೆ. ಸಂತೆಯಲ್ಲಿ ಟವೆಲಿನ ಕೆಳಗೆ ಬೆರಳು ಹಿಡಿದು ದರ ಕುದುರಿಸುವ ದಲ್ಲಾಳಿಯ ಮೂಲಕ ಹಳೆಯ ಎತ್ತನ್ನು ಮಾರಿ, ಅದಕ್ಕೆ ಹಣ ಸೇರಿಸಿ ಹೊಸ ಜೋಡಿ ತರುವುದು ಎತ್ತಿನ ಒಕ್ಕಲುತನದ ಲೆಕ್ಕಾಚಾರವಾಗಿತ್ತು. 2021ರಲ್ಲಿ ಜಾರಿಗೆ ಬಂದ ಕರ್ನಾಟಕ ಜಾನುವಾರು ಹತ್ಯೆ ಪ್ರತಿಬಂಧಕ ಮತ್ತು ಸಂರಕ್ಷಣಾ ಅಧಿನಿಯಮವು ದನಗಳ ಹತ್ಯೆಯನ್ನು ಪೂರ್ಣವಾಗಿ ನಿಷೇಧಿಸಿತು. ದನವನ್ನು ಪೂಜ್ಯವೆಂದು ಭಾವಿಸುವ ಮನಸ್ಸಿಗೆ ಇದು ಸಮಾಧಾನ ತಂದಿದೆ. ಮುದಿ ದನಕ್ಕೆ ಮೇವು ಹೊಂದಿಸಬೇಕಾದವರು, ದನದ ವ್ಯಾಪಾರಿಗಳು ಮತ್ತು ಚರ್ಮದ ಕಾಯಕದವರು ಇದನ್ನು ಬೇರೆಯಾಗಿ ನೋಡುತ್ತಾರೆ. ಕಾರಹುಣ್ಣಿಮೆಯಲ್ಲಿ ಎತ್ತಿಗೆ ಆರತಿ ಎತ್ತುವ ಮನೆಯೇ ಮುದಿ ಎತ್ತಿನ ಮೇವಿನ ಚಿಂತೆಯನ್ನೂ ಹೊತ್ತಿರುವುದರಿಂದ, ಈ ಎರಡು ನಿಲುವುಗಳನ್ನು ಎರಡು ಪ್ರತ್ಯೇಕ ಗುಂಪುಗಳದೆಂದು ಸರಳವಾಗಿ ವಿಂಗಡಿಸಲಾಗದು.

2. ಕುರಿಗಾರರು: ದಾರಿ ಮತ್ತು ತಂಗುದಾಣಗಳು ಇಲ್ಲವಾಗುತ್ತಿವೆ ಎಂಬುದು ಇವರ ಅಳಲು. ಉಣ್ಣೆಗೆ ಬೆಲೆಯಿಲ್ಲದೆ, ಕಂಬಳಿ ನೇಯ್ಗೆ ಕ್ಷೀಣಿಸಿ, ದಖನಿ ಕುರಿಯ ಬದಲು ಮಾಂಸಕ್ಕಾಗಿ ಬೆಳೆಯುವ ಕೂದಲು ಕುರಿಗಳತ್ತ ಒಲವು ಹೆಚ್ಚಿದೆ. ಆದರೂ ಕುರಿಗೊಬ್ಬರಕ್ಕೆ ಬೇಡಿಕೆ ಇದೆ. ರಾಸಾಯನಿಕ ಗೊಬ್ಬರದಿಂದ ಬಸವಳಿದ ನೆಲಕ್ಕೆ ಕುರಿ ತರುಬಿಸುವ ರೈತರು ಈಗಲೂ ಇದ್ದಾರೆ. ಹೀಗೆ ಪಾಲಿನ ಹಳೆಯ ಒಪ್ಪಂದಗಳಲ್ಲಿ ಅತ್ಯಂತ ಗಟ್ಟಿಯಾಗಿ ಉಳಿದಿರುವುದು ಇದೇ ಎನ್ನಬಹುದು. ಎರಡೂ ಕಡೆಗೆ ಲಾಭವಿರುವುದರಿಂದಲೇ ಅದು ಉಳಿದಿದೆ.

3. ತಾಂಡಾ ಮತ್ತು ಕಾಡಂಚಿನ ಜನ: ಚಿಂಚೋಳಿಯ ಅರಣ್ಯ ಪ್ರದೇಶವನ್ನು 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಬಯಲುಸೀಮೆಯ ಒಣ ಪ್ರದೇಶದಲ್ಲಿ ಇಂಥ ಕಾಡು ಉಳಿದಿರುವುದು ಅಪರೂಪವಾದ್ದರಿಂದ ಅರಣ್ಯ ಇಲಾಖೆಯ ಕಾಳಜಿ ಸಕಾರಣವಾದುದು. ಮೇಯುವ ದನಗಳ ಒತ್ತಡದಿಂದ ಸಸಿಗಳು ಬೆಳೆಯುವುದಿಲ್ಲ, ಬೆಂಕಿಯ ಅಪಾಯ ಹೆಚ್ಚುತ್ತದೆ ಎಂಬುದು ಇಲಾಖೆಗಳು ಸಾಮಾನ್ಯವಾಗಿ ಮುಂದಿಡುವ ವಾದ. ತಲೆಮಾರುಗಳಿಂದ ಅದೇ ಕಾಡಿನಲ್ಲಿ ದನ ಮೇಯಿಸಿದವರಿಗೆ ಮಾತ್ರ ಗಡಿಯೆಂಬುದು ಹೊಸದು. 2006ರ ಅರಣ್ಯ ಹಕ್ಕುಗಳ ಕಾಯಿದೆಯು ಮೇವಿನ ಸಾಮುದಾಯಿಕ ಹಕ್ಕನ್ನು, ಸಂಚಾರಿ ಪಶುಪಾಲಕರ ಋತುಮಾನದ ಹಕ್ಕನ್ನು ಒಪ್ಪುತ್ತದೆ. ಆದರೆ ಕರ್ನಾಟಕದ ಬಂಜಾರರು ಪರಿಶಿಷ್ಟ ಪಂಗಡದವರಲ್ಲದ ಕಾರಣ ‘ಇತರ ಪಾರಂಪರಿಕ ಅರಣ್ಯವಾಸಿಗಳು’ ಎಂಬ ವರ್ಗದಲ್ಲಿ 75 ವರ್ಷಗಳ ವಾಸದ ಸಾಕ್ಷ್ಯ ಒದಗಿಸಬೇಕಾಗುತ್ತದೆ. ನಿಜಾಮನ ಕಾಲದ ಕಾಗದಪತ್ರಗಳಿಲ್ಲದ ತಾಂಡಾಗಳಿಗೆ ಇದು ಸುಲಭವಲ್ಲ. ಇಂಥಲ್ಲಿ ಮೌಖಿಕ ಪರಂಪರೆಯ ದಾಖಲೀಕರಣ ಕೇವಲ ಶೈಕ್ಷಣಿಕ ಕೆಲಸವಾಗಿ ಉಳಿಯುವುದಿಲ್ಲ.

4. ಭೂಹೀನರು: ಗಾಯರಾಣದ ಪ್ರಶ್ನೆಯಲ್ಲಿ ಅತ್ಯಂತ ಸಂಕೀರ್ಣವಾದ ನಿಲುವು ಇವರದು. ಆಡು ಸಾಕುವ ಭೂಹೀನ ಕುಟುಂಬಕ್ಕೆ ಗಾಯರಾಣ ಬೇಕು. ಆದರೆ ತಲೆಮಾರುಗಳಿಂದ ಭೂಮಿಯಿಂದ ವಂಚಿತರಾದ ದಲಿತ ಕುಟುಂಬಗಳಿಗೆ ಉಳುಮೆಗೆ ದಕ್ಕಬಹುದಾದ ನೆಲವೂ ಗಾಯರಾಣ ಮತ್ತು ಖಾರೀಜ್ ಖಾತೆಯದೇ ಆಗಿದೆ. ಬಗರ್‌ಹುಕುಂ ಸಾಗುವಳಿಯ ಸಕ್ರಮಕ್ಕಾಗಿ ನಮೂನೆ 50, 53 ಮತ್ತು 2018ರ ನಂತರ 57ರಲ್ಲಿ ಅರ್ಜಿ ಸಲ್ಲಿಸಿದವರಲ್ಲಿ ಇಂಥವರೂ ಇದ್ದಾರೆ, ಉಳ್ಳವರೂ ಇದ್ದಾರೆ. ಎರಡನ್ನೂ ಒಂದೇ ‘ಒತ್ತುವರಿ’ ಎಂಬ ಪದದಿಂದ ಕರೆಯುವುದು ಉಚಿತವಲ್ಲ. ದೊಡ್ಡ ಹಿಡುವಳಿದಾರನು ತನ್ನ ಹೊಲದ ಬದುವನ್ನು ಗಾಯರಾಣದೊಳಕ್ಕೆ ಸರಿಸುವುದೂ ಭೂಹೀನನು ಎರಡೆಕರೆ ಹಸನು ಮಾಡುವುದೂ ಸಾಮಾಜಿಕವಾಗಿ ಬೇರೆ ಬೇರೆ ಘಟನೆಗಳು.

5. ಉದ್ಯಮ: ಸುಣ್ಣಕಲ್ಲಿನ ನಿಕ್ಷೇಪದಿಂದಾಗಿ ಈ ಸೀಮೆ ಸಿಮೆಂಟ್ ಉದ್ಯಮದ ಕೇಂದ್ರವಾಗಿದೆ. ಶಹಾಬಾದಿನಲ್ಲಿ 1920ರ ದಶಕದಿಂದಲೂ, ವಾಡಿಯಲ್ಲಿ 1968ರಿಂದಲೂ, 1980ರ ದಶಕದ ನಂತರ ಸೇಡಂ ಮತ್ತು ಮಳಖೇಡದ ಪರಿಸರದಲ್ಲಿಯೂ ಕಾರ್ಖಾನೆಗಳು ಬಂದವು. ಉದ್ಯೋಗ, ರಸ್ತೆ, ಶಾಲೆಗಳ ದೃಷ್ಟಿಯಿಂದ ಇದನ್ನು ಸ್ವಾಗತಿಸುವವರು ಅನೇಕರು. ಗಣಿಗಾಗಿ ನೆಲ ಪಡೆದಾಗ ಪಹಣಿಯಲ್ಲಿ ಹೆಸರುಳ್ಳವನಿಗೆ ಪರಿಹಾರ ದೊರೆಯುತ್ತದೆ. ಅದೇ ಹೊಲದಲ್ಲಿ ಸುಗ್ಗಿಯ ನಂತರ ಮೇಯಿಸುತ್ತಿದ್ದವನ, ಬದುವಿನ ಹುಲ್ಲು ಕೊಯ್ದು ಎಮ್ಮೆ ಸಾಕುತ್ತಿದ್ದವಳ ಹೆಸರು ಯಾವ ಕಾಗದದಲ್ಲಿಯೂ ಇರುವುದಿಲ್ಲ. ಅವರ ಪಾಲು ಪರಿಹಾರವಿಲ್ಲದೆ ಅಳಿಯುತ್ತದೆ. ಕೈಬಿಟ್ಟ ಫರಸಿ ಗಣಿಗಳಲ್ಲಿ ನಿಂತ ನೀರನ್ನು ದನಕ್ಕೆ ಕುಡಿಸುವುದುಂಟು. ಆಳವಾದ ಕಡಿದಾದ ಅಂಚುಗಳಿಂದ ಅಪಾಯವೂ ಉಂಟು. ಇಂಥ ಗಣಿಗಳಿಗೆ ಇಳಿಜಾರಿನ ದಾರಿ ಮಾಡಿ ಸುತ್ತ ಹುಲ್ಲು ಬೆಳೆಸಿದರೆ ಅವು ಊರಿಗೆ ಮರಳಿ ಒದಗಬಲ್ಲವು.

ಗಾಯರಾಣ: ಕಾನೂನು ಮತ್ತು ರೂಢಿ

ಕರ್ನಾಟಕ ಭೂಕಂದಾಯ ಅಧಿನಿಯಮ 1964ರ 71ನೆಯ ಕಲಮು ಊರ ದನಗಳ ಉಚಿತ ಮೇವಿಗಾಗಿ ಸರ್ಕಾರಿ ನೆಲವನ್ನು ಕಾದಿರಿಸಲು ಅವಕಾಶ ನೀಡುತ್ತದೆ. 1966ರ ಭೂಕಂದಾಯ ನಿಯಮಗಳ 97ನೆಯ ನಿಯಮವು ಪ್ರತಿ 100 ದನಗಳಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ನೆಲವಿರಬೇಕೆಂಬ ಅಳತೆಯನ್ನು ಹೇಳುತ್ತದೆ. ಮೇಲ್ನೋಟಕ್ಕೆ ಇದು ಉದಾರವಾದ ಏರ್ಪಾಡು. ಆದರೆ ಜಾನಪದೀಯ ದೃಷ್ಟಿಯಿಂದ ನೋಡಿದಾಗ ಇದರಲ್ಲಿ ಎರಡು ತೊಡಕುಗಳು ಕಾಣುತ್ತವೆ.

ಮೊದಲನೆಯದು, ನೆಲದ ಅಳತೆ ದನದ ಸಂಖ್ಯೆಯನ್ನು ಅವಲಂಬಿಸಿದೆ. ಮೇವಿಲ್ಲದೆ ದನ ಕಡಿಮೆಯಾದರೆ, ದನ ಕಡಿಮೆಯಾಗಿದೆ ಎಂಬ ಕಾರಣದಿಂದ ಗಾಯರಾಣ ಹೆಚ್ಚುವರಿಯೆಂದು ವಾದಿಸಬಹುದು. ಆ ನೆಲ ಅನ್ಯ ಉದ್ದೇಶಕ್ಕೆ ಹೋದರೆ ಉಳಿದ ದನಕ್ಕೂ ಮೇವಿಲ್ಲ. ಹೀಗೆ ಪರಿಣಾಮವೇ ಕಾರಣವಾಗಿ ಮರಳಿ ಬರುತ್ತದೆ. ಎರಡನೆಯದು, ಅಧಿನಿಯಮದ 72ನೆಯ ಕಲಮಿನಂತೆ ಉಚಿತ ಮೇವಿನ ಹಕ್ಕು ಆಯಾ ಊರಿನ ದನಗಳಿಗೆ ಮಾತ್ರ. ಊರಿಂದೂರಿಗೆ ಸಾಗುವ ಕುರಿ ಹಿಂಡು ಯಾವ ಊರಿನದೂ ಅಲ್ಲ. ಡೊಳ್ಳಿನ ಹಾಡಿನಲ್ಲಿ ಹೆಸರುಳ್ಳ ಹಟ್ಟಿಗಳಿಗೆ ಕಂದಾಯದ ಕಾಗದದಲ್ಲಿ ಹೆಸರಿಲ್ಲ. 2000ದ ಸುಮಾರಿಗೆ ‘ಭೂಮಿ’ ಯೋಜನೆಯಡಿ ಪಹಣಿಗಳು ಗಣಕೀಕರಣಗೊಂಡಾಗ ಒಡೆತನದ ದಾಖಲೆ ಸ್ಪಷ್ಟವಾಯಿತು. ಅದರ ಉಪಯೋಗ ದೊಡ್ಡದು. ಆದರೆ ಋತುಮಾನದ ಪಾಲು ಮೊದಲಿನಂತೆಯೇ ದಾಖಲೆಯ ಹೊರಗೆ ಉಳಿಯಿತು.

ಸಾಮುದಾಯಿಕ ಭೂಮಿಯ ಕ್ಷೀಣತೆ ಈ ಸೀಮೆಗೆ ಮಾತ್ರ ಸೀಮಿತವಾದುದಲ್ಲ. ಅರ್ಥಶಾಸ್ತ್ರಜ್ಞ ಎನ್.ಎಸ್. ಜೋಧಾ ಅವರು ಕರ್ನಾಟಕವೂ ಸೇರಿದಂತೆ ಏಳು ರಾಜ್ಯಗಳ ಒಣ ಪ್ರದೇಶದ 80ಕ್ಕೂ ಹೆಚ್ಚು ಹಳ್ಳಿಗಳನ್ನು ಅಧ್ಯಯನ ಮಾಡಿ 1986ರಲ್ಲಿ ಪ್ರಕಟಿಸಿದ ಲೇಖನದಲ್ಲಿ, 1950ರ ದಶಕದಿಂದ 80ರ ದಶಕದ ಹೊತ್ತಿಗೆ ಇಂಥ ನೆಲ ಸುಮಾರು ಮೂರನೆಯ ಒಂದು ಭಾಗದಿಂದ ಅರ್ಧದವರೆಗೆ ಕುಗ್ಗಿದುದನ್ನೂ, ಬಡವರೇ ಇದನ್ನು ಹೆಚ್ಚು ಅವಲಂಬಿಸಿರುವುದನ್ನೂ ತೋರಿಸಿದರು. ಎಲ್ಲರಿಗೂ ಸೇರಿದ ಹುಲ್ಲುಗಾವಲು ಹಾಳಾಗಿಯೇ ತೀರುತ್ತದೆ ಎಂಬ ಗ್ಯಾರೆಟ್ ಹಾರ್ಡಿನ್‌ನ 1968ರ ವಾದವನ್ನು ಎಲಿನರ್ ಆಸ್ಟ್ರಮ್ ಅವರ 1990ರ ಕೃತಿ ನಿರಾಕರಿಸಿತು. ಬಳಸುವವರೇ ನಿಯಮ ಮಾಡಿಕೊಂಡು ಕಾಯ್ದುಕೊಂಡ ಸಾಮುದಾಯಿಕ ಸಂಪತ್ತು ಶತಮಾನಗಳವರೆಗೆ ಬಾಳಿದೆ ಎಂದು ಅವರು ತೋರಿಸಿದರು. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ದೊರೆಯಿತು. 2011ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಜಗಪಾಲ್ ಸಿಂಗ್ ಪ್ರಕರಣದಲ್ಲಿ ಊರ ಸಾಮುದಾಯಿಕ ನೆಲಗಳ ಒತ್ತುವರಿ ತೆರವುಗೊಳಿಸಲು ಯೋಜನೆ ರೂಪಿಸುವಂತೆ ರಾಜ್ಯಗಳಿಗೆ ಸೂಚಿಸಿತು. ವಿಶ್ವಸಂಸ್ಥೆಯು 2026ನ್ನು ಹುಲ್ಲುಗಾವಲು ಮತ್ತು ಪಶುಪಾಲಕರ ಅಂತಾರಾಷ್ಟ್ರೀಯ ವರ್ಷವೆಂದು ಘೋಷಿಸಿದೆ. ಕಾಗಿಣಾ ಸೀಮೆಯ ದನಗಾಹಿಯ ಅರಿವನ್ನು ಈ ವಿಶಾಲ ಚರ್ಚೆಯ ಹಿನ್ನೆಲೆಯಲ್ಲಿ ನೋಡಬೇಕಾಗಿದೆ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಸ್ಪಷ್ಟವಾಗುವುದೇನೆಂದರೆ, ಐದೂ ಪಾಲುದಾರರ ನಿಲುವುಗಳು ತಮ್ಮ ನೆಲೆಯಲ್ಲಿ ಸಮಂಜಸವಾಗಿಯೇ ಇವೆ. ರೈತನಿಗೆ ಎತ್ತು ದುಬಾರಿಯಾಗಿರುವುದು ನಿಜ, ಕಾಡು ಕಾಯಬೇಕೆಂಬುದು ನಿಜ, ಭೂಹೀನನಿಗೆ ನೆಲ ಬೇಕೆಂಬುದೂ ನಿಜ. ಹಿಂದೆ ಈ ಹಿತಾಸಕ್ತಿಗಳು ಇರಲಿಲ್ಲವೆಂದಲ್ಲ. ಅವುಗಳನ್ನು ಸರದಿಯಲ್ಲಿ ಇಡುವ ರೂಢಿಯಿತ್ತು. ಆ ರೂಢಿ ಕಳಚಿದಾಗ ನೆಲದ ಮೇಲೆ ಒಡೆತನವೊಂದೇ ಉಳಿಯಿತು, ಒಡೆತನವಿಲ್ಲದವರ ಪಾಲು ಬೇಡಿಕೆಯಾಗಿಯೋ ಅತಿಕ್ರಮಣವಾಗಿಯೋ ಕಾಣಿಸತೊಡಗಿತು.

ಈ ಹಿನ್ನೆಲೆಯಲ್ಲಿ ಕೆಲವು ಸೂಚನೆಗಳನ್ನು ಮುಂದಿಡಬಹುದು. ಜೈವಿಕ ವೈವಿಧ್ಯ ಅಧಿನಿಯಮ 2002ರಂತೆ ಪಂಚಾಯತಿ ಮಟ್ಟದಲ್ಲಿ ಸಿದ್ಧಪಡಿಸುವ ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ತಳಿ ಮತ್ತು ಸಸ್ಯಗಳ ಹೆಸರುಗಳ ಜೊತೆಗೆ ಮೇವಿನ ಋತುಚಕ್ರ, ಕುರಿ ಹಿಂಡಿನ ದಾರಿ, ಹಟ್ಟಿ ಹಾಕುವ ಸ್ಥಳ, ನೀರಿನ ನೆಲೆಗಳನ್ನು ಸೇರಿಸಬೇಕು. ಕುರಿ ತರುಬುವಂಥ, ಪಾಲಿಗೆ ಸಾಕುವಂಥ ಒಪ್ಪಂದಗಳನ್ನು ಗ್ರಾಮಸಭೆಯ ನಡಾವಳಿಯಲ್ಲಿ ಬರೆದಿಡುವ ಪದ್ಧತಿ ಬರಬೇಕು. ಗಾಯರಾಣದ ಅಳತೆಯನ್ನು ಇಂದಿನ ದನದ ಸಂಖ್ಯೆಯಿಂದ ಮಾತ್ರ ನಿರ್ಧರಿಸದೆ, ಭೂಹೀನರು ಸಾಕುವ ಆಡು ಕುರಿಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು. ಒತ್ತುವರಿ ತೆರವಿನಲ್ಲಿ ಉಳ್ಳವರಿಗೂ ಇಲ್ಲದವರಿಗೂ ಒಂದೇ ಮಾನದಂಡ ಸಲ್ಲದು. ತೊಗರಿಯ ಹೊಲಗಳಲ್ಲಿ ಕೆಲವು ಸಾಲು ಜೋಳವನ್ನು ಅಕ್ಕಡಿಯಾಗಿ ಬಿತ್ತುವ ಹಳೆಯ ಕ್ರಮಕ್ಕೆ ಉತ್ತೇಜನ ದೊರೆತರೆ ಕಣಿಕೆಯ ಬಣವೆ ಮತ್ತೆ ತಲೆ ಎತ್ತಬಹುದು.

ದನಗಾಹಿಗಳ, ಕುರಿಗಾರರ, ಆಡು ಸಾಕುವ ಹೆಣ್ಣುಮಕ್ಕಳ ಹಿರಿಯ ತಲೆಮಾರು ಮರೆಯಾಗುವ ಮುನ್ನ ಅವರ ಅರಿವನ್ನು ದಾಖಲಿಸುವುದು ಜಾನಪದ ಅಧ್ಯಯನದ ತುರ್ತಾದ ಕೆಲಸವಾಗಿದೆ. ಹಾಡು ಮತ್ತು ಕಥೆಗಳನ್ನು ಸಂಗ್ರಹಿಸಿದಷ್ಟೇ ಶ್ರದ್ಧೆಯಿಂದ ಹುಲ್ಲಿನ ಹೆಸರು, ಹಳ್ಳದ ಹೆಸರು, ದಾರಿಯ ಹೆಸರುಗಳನ್ನೂ ಸಂಗ್ರಹಿಸಬೇಕಾಗಿದೆ. ತುರುಗೋಳಿನ ವೀರರಿಗೆ ಈ ನಾಡು ಕಲ್ಲು ನಿಲ್ಲಿಸಿತು. ಅವರು ಕಾಯ್ದ ದನಕ್ಕೆ ಮೇಯುವ ನೆಲ ಉಳಿಯುವುದೋ ಇಲ್ಲವೋ ಎಂಬುದು ಗಾಯರಾಣದಲ್ಲಿ ಯಾರ ಪಾಲನ್ನು ಇಂದಿನ ಸಮಾಜ ಲೆಕ್ಕಕ್ಕೆ ಹಿಡಿಯುತ್ತದೆ ಎಂಬುದನ್ನು ಅವಲಂಬಿಸಿದೆ.